ಬಸಿದ ನೀರಿನ ಲೆಕ್ಕ

ಹಳೆಯ ಅಡುಗೆಮನೆಯ ಮಾತು ತೆಗೆದರೆ ಸಾಕು, ಅದು ನೇರ ರುಚಿಗೆ ಹೋಗಿ ನಿಲ್ಲುತ್ತದೆ. ಅಜ್ಜಿಯ ಸಾರಿನ ಘಮ, ದೊಡ್ಡಮ್ಮನ ಚಟ್ನಿಪುಡಿ, ಮಡಕೆಯ ಗಟ್ಟಿ ಮೊಸರು, ತುಪ್ಪ ಕಾಯಿಸಿದ ಪಾತ್ರೆಯ ತಳಕ್ಕೆ ಅನ್ನ ಹಾಕಿ ಕಲಸಿದ ತುತ್ತು. ಐವತ್ತು ದಾಟಿದ ನಾಲ್ಕು ಜನ ಸೇರಿದಲ್ಲಿ ಪಟ್ಟಿ ಹೆಚ್ಚುಕಡಿಮೆ ಹೀಗೇ ಬರುತ್ತದೆ. ಕೊನೆಗೆ ಒಂದು ನಿಟ್ಟುಸಿರು, 'ಆ ಕೈರುಚಿ ಈಗೆಲ್ಲಿ' ಎಂಬ ಮಾತು. ಆ ನಿಟ್ಟುಸಿರಿನಲ್ಲಿ ನನಗೂ ಪಾಲಿದೆ. ಆದರೂ ಆ ನೆನಪನ್ನು ಪೂರ್ತಿ ನಂಬಬಾರದೆಂದು ಈಚೆಗೆ ಅನ್ನಿಸತೊಡಗಿದೆ. ನಾಲಿಗೆಗೆ ತಾಕಿದ್ದು ನೆನಪಿನಲ್ಲಿ ಉಳಿದುಬಿಡುತ್ತದೆ. ಅದು ತಟ್ಟೆಗೆ ಬರುವ ಮೊದಲು ಒಲೆಯ ಮುಂದೆ ನಡೆದ ಲೆಕ್ಕಾಚಾರ ಉಳಿಯುವುದಿಲ್ಲ. ನಾವು ಹೇಳಿಕೊಳ್ಳುವುದೆಲ್ಲ ಉಂಡವರ ನೆನಪು, ಬೇಯಿಸಿದವರದು ಅದರಲ್ಲಿ ಬಹಳ ಕಡಿಮೆ. ಅದಕ್ಕೇ ಆ ಅಡುಗೆಯನ್ನು ಬರೆದಿಡಲು ಕೂತಾಗ ಕೈ ಕಟ್ಟಿದಂತಾಗುತ್ತದೆ. ಸಾಮಾನಿನ ಪಟ್ಟಿ ಸಿಗುತ್ತದೆ, ಅಳತೆಯೂ ಹೇಗೋ ಸಿಗುತ್ತದೆ, ಆದರೆ ಏನೋ ತಪ್ಪಿಹೋಗಿರುತ್ತದೆ. ತಪ್ಪಿದ್ದು ಏನೆಂದು ಹುಡುಕಿದರೆ ನನಗೆ ಕಾಣುವುದು ಇಷ್ಟು: ಮನೆಯ ಅಡುಗೆಯ ಜಾಣತನವೆಲ್ಲ ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಜೋಡಿಸುವುದರಲ್ಲಿತ್ತು. ಬಿಡಿಬಿಡಿಯಾಗಿ ಬರೆದಿಟ್ಟರೆ ಅದು ಸಿಕ್ಕುವುದಿಲ್ಲ.

ಬಸ್ಸಾರನ್ನೇ ತೆಗೆದುಕೊಳ್ಳಿ. ಮಂಡ್ಯ, ಹಾಸನ, ತುಮಕೂರು, ಮೈಸೂರಿನ ಕಡೆ ಮುದ್ದೆಗೆ ಜೊತೆಯಾಗುವ ಈ ಸಾರು ತನ್ನ ಹೆಸರಿನಲ್ಲೇ ಗುಟ್ಟು ಬಿಟ್ಟುಕೊಡುತ್ತದೆ: ಬಸಿದು ಮಾಡಿದ ಸಾರು. ನಾಲ್ಕು ಜನಕ್ಕೆ ಒಂದು ಲೋಟ ಹೆಸರುಕಾಳೋ ಅಲಸಂದೆಯೋ ತೊಗರಿಬೇಳೆಯೋ ಆಗಬಹುದು. ಆರೇಳು ಲೋಟ ನೀರಿನಲ್ಲಿ ಅದು ಮುಕ್ಕಾಲು ಬೆಂದಾಗ ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಹೆಚ್ಚಿ ಹಾಕಿ, ಉಪ್ಪು ಸೇರಿಸಿ, ಕಾಳು ಕರಗುವ ಮುಂಚೆ ಇಳಿಸಿ ಬಸಿಯಬೇಕು. ನೀರು ಒಂದು ಕಡೆ, ಕಾಳು ಸೊಪ್ಪು ಇನ್ನೊಂದು ಕಡೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಕಾಯಿತುರಿ ಮತ್ತು ಗೋಲಿ ಗಾತ್ರದ ಹುಣಸೆಹಣ್ಣಿನ ಜೊತೆ ರುಬ್ಬುವಾಗ ಬಸಿದಿಟ್ಟ ಕಾಳುಸೊಪ್ಪಿನಿಂದಲೇ ಒಂದು ಸೌಟು ಸೇರಿಸುತ್ತಾರೆ. ಸಾರಿಗೆ ಮೈ ಬರುವುದು ಅದರಿಂದ. ಇದನ್ನು ಬಸಿದ ನೀರಿಗೆ ಹಾಕಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾರು ಮುಗಿಯಿತು. ಉಳಿದ ಕಾಳುಸೊಪ್ಪಿಗೆ ಈರುಳ್ಳಿ, ಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಉರಿ, ಒಂದೇ ಪಾತ್ರೆ, ಎರಡು ಪದಾರ್ಥ. ಸೊಪ್ಪು ಬೇಯುವಾಗ ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂನಂಥ ಲವಣಗಳು ನೀರಿಗಿಳಿಯುತ್ತವೆ. ನೀರು ಚೆಲ್ಲಿದರೆ ಅವೂ ಹೋದಂತೆ. ಬಸ್ಸಾರು ಕಂಡುಹಿಡಿದವರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ, ಆದರೆ ಬಸಿದ ನೀರು ಬರೀ ನೀರಲ್ಲ ಎನ್ನುವುದು ಗೊತ್ತಿತ್ತು. ಇದರದೇ ಇನ್ನೊಂದು ಹೆಜ್ಜೆ ಉಪ್ಸಾರು. ಅಲ್ಲಿ ಬಸಿದ ನೀರಿಗೆ ಮಸಾಲೆಯೇ ಬೀಳುವುದಿಲ್ಲ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಸೇರಿಸಿ ಅರೆದ ಖಾರ ಬೇರೆಯಾಗಿಯೇ ಇರುತ್ತದೆ. ತಟ್ಟೆಯಲ್ಲಿ ಅವರವರು ತಮಗೆ ತಡೆಯುವಷ್ಟು ಕದಡಿಕೊಳ್ಳುತ್ತಾರೆ. ಮಗುವಿಗೂ ಮುದುಕರಿಗೂ ಗದ್ದೆಯಿಂದ ಬಂದವರಿಗೂ ಒಂದೇ ಸಾರು ಸಾಕಾಗುವ ಏರ್ಪಾಡು ಇದು.

ಇದು ದಿನನಿತ್ಯದ ಊಟಕ್ಕೆ ಮಾತ್ರ ಸೇರಿದ ಉಪಾಯ ಅಂದುಕೊಂಡರೆ ಯುಗಾದಿಯ ಎಲೆ ಅದನ್ನು ಸುಳ್ಳು ಮಾಡುತ್ತದೆ. ಹೋಳಿಗೆಗೆ ಕಡಲೆಬೇಳೆಯನ್ನೋ ತೊಗರಿಬೇಳೆಯನ್ನೋ ಹಿಸುಕಿದರೆ ಹಿಟ್ಟಾಗುವಷ್ಟು, ಆದರೆ ನೀರಿನಲ್ಲಿ ಕದಡಿಹೋಗದಷ್ಟು ಬೇಯಿಸಿ ಬಸಿಯುತ್ತಾರೆ. ಬೇಳೆ ಬೆಲ್ಲ ಸೇರಿ ಹೂರಣವಾಗುತ್ತದೆ. ಬಸಿದ ಕಟ್ಟು ಹೋಳಿಗೆ ಸಾರಿಗೆ ಹೋಗುತ್ತದೆ. ಆ ಸಾರಿಗೆ ಒಂದು ಉಂಡೆ ಹೂರಣವನ್ನೂ ಕದಡುವುದುಂಟು, ಹಾಗಾಗಿ ಹುಳಿ ಖಾರದ ನಡುವೆ ಹಬ್ಬದ ಸಿಹಿ ಸಣ್ಣಗೆ ಇಣುಕುತ್ತದೆ. ಮರುದಿನ ಬತ್ತಿಸಿದ ಹೋಳಿಗೆ ಸಾರಿಗಾಗಿಯೇ ಕಾಯುವವರಿದ್ದಾರೆ. ಬಾಡೂಟದ ಮನೆಗಳಲ್ಲೂ ಇದೇ ಲೆಕ್ಕ. ಕುರಿ ಕಡಿದರೆ ತೊಡೆಯ ಮಾಂಸ ಸಾರಿಗೆ, ಕಾಲು ಸೂಪಿಗೆ, ಬೋಟಿ ಗೊಜ್ಜಿಗೆ, ತಲೆಮಾಂಸ ಇನ್ನೊಂದು ಹೊತ್ತಿಗೆ. ಕರಾವಳಿಯಲ್ಲಿ ನಿನ್ನೆಯ ಮೀನುಸಾರಿಗೆ ಇಂದಿನ ದೋಸೆಯೇ ಜೋಡಿ. ಮಲೆನಾಡು, ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿ ಹೀರೆಕಾಯಿ ಪಲ್ಯವಾದರೆ ಅದರ ಸಿಪ್ಪೆ ಚಟ್ನಿಯಾಗುತ್ತದೆ, ಕಲ್ಲಂಗಡಿ ತಿಂದಾದ ಮೇಲೆ ಸಿಪ್ಪೆಯ ಬಿಳಿಭಾಗ ದೋಸೆಗೆ ಸೇರುತ್ತದೆ, ದಾಳಿಂಬೆಯ ಸಿಪ್ಪೆ ತಂಬುಳಿಗೆ. ಹಲಸಿನ ತೊಳೆ ತಿಂದವರು ಬೀಜ ಎಸೆಯುವುದಿಲ್ಲ; ಅದನ್ನು ಒಣಗಿಸಿಟ್ಟು ಮಳೆಗಾಲಕ್ಕೆ ಸಾರು, ಪಲ್ಯ. ಜಾತಿ ಬೇರೆ, ಸೀಮೆ ಬೇರೆ, ತಿನ್ನುವುದು ಬೇರೆ. ಜೋಡಿಸುವ ಬುದ್ಧಿ ಮಾತ್ರ ಎಲ್ಲೆಡೆ ಒಂದೇ.

ಬಯಲುಸೀಮೆಯ ಉತ್ತರ ಭಾಗಕ್ಕೆ ಹೋದರೆ ಈ ಸರಪಳಿ ನೀರಿನ ಬದಲು ಕಾಲದ ಮೇಲೆ ನಿಂತಿದೆ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ, ಹಾಗಾಗಿ ಕುದಿಯುವ ನೀರು ಹಾಕಿ ನಾದಿ, ಆಗಲೇ ಬಡಿಯಬೇಕು. ಮೆತ್ತಗಿನ ರೊಟ್ಟಿ ಅಂದಿನ ಊಟಕ್ಕೆ. ತೆಳ್ಳಗೆ ಬಡಿದು ಒಣಗಿಸಿದ್ದು ಖಟಕ್ ರೊಟ್ಟಿ. ವಾರಗಟ್ಟಲೆ ಕೆಡದೆ ಬುತ್ತಿಗೂ ನೆಂಟರಿಗೂ ಒದಗುತ್ತದೆ. ಮುರಿದ ರೊಟ್ಟಿಗೂ ಒಗ್ಗರಣೆಯ ಭಾಗ್ಯವುಂಟು. ಜೋಳ ಒಡೆದಾಗ ಸಿಕ್ಕ ನುಚ್ಚು ಬೇಯಿಸಿ ಮಜ್ಜಿಗೆ ಹಾಕಿದರೆ ಬೇಸಿಗೆಯ ಊಟ. ರೊಟ್ಟಿಗೆ ಒಂದೊಂದು ದಿನ ಕಾಯಿಪಲ್ಯ ಇಲ್ಲದಿದ್ದರೂ ನಡೆಯುವುದು ಡಬ್ಬಿಯಲ್ಲಿ ಹಿಂಡಿ ಇರುವುದರಿಂದ. ಎರಡು ಲೋಟ ಶೇಂಗಾ ಹುರಿದು ಸಿಪ್ಪೆ ಕೇರಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಎರಡು ಚಮಚ ಖಾರದ ಪುಡಿ, ಉಪ್ಪು ಸೇರಿಸಿ ಶೇಂಗಾ ತುಸು ಎಣ್ಣೆ ಬಿಡುವ ತನಕ ಕುಟ್ಟಿದರೆ ಶೇಂಗಾ ಹಿಂಡಿ. ಗುರೆಳ್ಳು, ಅಗಸೆಯದಕ್ಕೂ ಹೆಚ್ಚುಕಡಿಮೆ ಇದೇ ದಾರಿ. ಮೊಸರು ಕಲಸಿದರೆ ಅದೇ ಹಿಂಡಿ ವ್ಯಂಜನ, ಬದನೆಕಾಯಿಯೊಳಗೆ ತುಂಬಿದರೆ ಎಣ್ಣೆಗಾಯಿಯ ಮಸಾಲೆ, ಬಿಸಿ ಅನ್ನಕ್ಕೆ ಎಣ್ಣೆಯ ಜೊತೆ ಬಿದ್ದರೆ ಒಂದು ಹೊತ್ತಿನ ಊಟ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದಕ್ಕೂ ಕನ್ನಡದಲ್ಲಿ ಹಿಂಡಿ ಎಂದೇ ಹೆಸರು.

ಬರೆದಿಟ್ಟ ಅಡುಗೆ ನಮಗೆ ಹೊಸತೇನೂ ಅಲ್ಲ. 1025ರ ಸುಮಾರಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಮಳೆ, ಬಾವಿ, ತೋಟ, ವೈದ್ಯಗಳ ನಡುವೆ ಅಡುಗೆಗೂ ಜಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ', 12ನೆಯ ಶತಮಾನದ ಸಂಸ್ಕೃತ ಗ್ರಂಥ, ಅರಸನ ಊಟವನ್ನು ಬಾಯಲ್ಲಿ ನೀರೂರುವಂತೆ ವಿವರಿಸುತ್ತದೆ. 1508ರ ಸುಮಾರಿನ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವಂತೂ ಪಾಕವನ್ನೇ ವಸ್ತುವಾಗಿಟ್ಟುಕೊಂಡ ಕನ್ನಡ ಪದ್ಯಕೃತಿ. ಈ ಪುಸ್ತಕಗಳಿಲ್ಲದಿದ್ದರೆ ನಮ್ಮ ಊಟದ ಚರಿತ್ರೆಯ ದೊಡ್ಡ ಭಾಗವೇ ಕತ್ತಲಲ್ಲಿರುತ್ತಿತ್ತು. ಆದರೆ ಶಾಸ್ತ್ರದ ಸ್ವಭಾವವೇ ವಿಂಗಡಿಸುವುದು. ಹಿಟ್ಟಿನದು ಇಲ್ಲಿ, ಅನ್ನದ್ದು ಅಲ್ಲಿ, ತರಕಾರಿಯದು ಮತ್ತೊಂದೆಡೆ; ಹಾಗೆ ಜೋಡಿಸಿದರೇ ಓದುಗನಿಗೆ ಬೇಕಾದ್ದು ಸಿಕ್ಕೀತು. ಮುಂದೆ ಬಂದ ಪಾಕಪುಸ್ತಕಗಳೂ ವಾರಪತ್ರಿಕೆಗಳ ಅಡುಗೆ ಅಂಕಣಗಳೂ ಇದೇ ಕ್ರಮ ಹಿಡಿದವು: ಹೆಸರು, ಬೇಕಾಗುವ ಸಾಮಗ್ರಿ, ಮಾಡುವ ವಿಧಾನ. ಓದುಗ ಖಾಲಿ ಒಲೆ, ತುಂಬಿದ ಡಬ್ಬಿಗಳ ಮುಂದೆ ನಿಂತಿದ್ದಾನೆ ಎಂದು ಈ ಬರವಣಿಗೆ ಭಾವಿಸುತ್ತದೆ. ಮನೆಯಲ್ಲಿ ಅಡುಗೆ ಶುರುವಾಗುವುದು ಹಾಗಲ್ಲ. ನಿನ್ನೆಯ ಅನ್ನ ಎರಡು ಹಿಡಿ ಇದೆ, ಮೊಸರು ಹುಳಿಯಾಗಿದೆ, ಸೊಪ್ಪು ಬಾಡುತ್ತಿದೆ, ಮಧ್ಯಾಹ್ನಕ್ಕೆ ಇಬ್ಬರು ಹೆಚ್ಚು: ಇಲ್ಲಿಂದ ಶುರು. ಬರೆದ ಅಡುಗೆಯಲ್ಲಿ ಮೊದಲು ಬಿಟ್ಟುಹೋಗುವುದು ಈ ಶುರುವೇ.

ಬಳಿಕ ಬಂದ ಬದಲಾವಣೆಗಳು ಸರಪಳಿಯ ಕೊಂಡಿಗಳನ್ನು ಇನ್ನಷ್ಟು ಸಡಿಲಿಸಿದವು. 1956ರ ಕಾಯ್ದೆಯಂತೆ 1958ರಿಂದ ಮೆಟ್ರಿಕ್ ಅಳತೆ ಬಂತು. ಸೇರು, ಪಾವು, ಚಟಾಕು ಮೆಲ್ಲಗೆ ಮೂಲೆ ಸೇರಿದವು. ಹಿಡಿ, ಬೊಗಸೆ, ಚಿಟಿಕೆ, ನಿಂಬೆ ಗಾತ್ರದ ಹುಣಸೆ, ಅಡಿಕೆ ಗಾತ್ರದ ಬೆಲ್ಲ ಎಂಬ ಮೈಯಳತೆಗಳು ಉಳಿದುಕೊಂಡವು, ಏಕೆಂದರೆ ಅವನ್ನು ರದ್ದು ಮಾಡಲು ಯಾವ ಕಾಯ್ದೆಗೂ ಆಗದು. 1959ರ ಹೊತ್ತಿಗೆ ಪ್ರೆಷರ್ ಕುಕ್ಕರ್ ದೇಶದಲ್ಲೇ ತಯಾರಾಗತೊಡಗಿತು. ಕುಕ್ಕರ್ ಕೇಳುವುದು ಅಳೆದ ನೀರು. ಅನ್ನ ಆ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಬಸಿಯುವುದಕ್ಕೆ ಏನೂ ಉಳಿಯುವುದಿಲ್ಲ. ಬಸಿದ ಗಂಜಿಗೆ ಉಪ್ಪು ಹಾಕಿ ಕುಡಿಯುವುದು, ಹತ್ತಿ ಸೀರೆಗೆ ಗಂಜಿ ಕೊಡುವುದು, ಮಿಕ್ಕಿದ್ದನ್ನು ಹಸುವಿನ ಕಲಗಚ್ಚಿಗೆ ಸುರಿಯುವುದು, ಈ ಮೂರೂ ಒಂದೇ ಸಲ ಮರೆಯಾದವು. ಕುಕ್ಕರನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಗಂಜಿ ಚೆಲ್ಲುವ ಮನೆಯಲ್ಲಿ ಅಕ್ಕಿಯ ಸತ್ವವೂ ಚೆಲ್ಲಿಹೋಗುತ್ತಿತ್ತು. ಕುಕ್ಕರ್ ಅದನ್ನು ಅನ್ನದಲ್ಲೇ ಉಳಿಸಿತು, ಸೌದೆಯನ್ನೂ ಹೊತ್ತನ್ನೂ ಉಳಿಸಿತು. ಆದರೆ ಬೇಳೆ ಒಂದು ಡಬ್ಬಿ, ಅನ್ನ ಒಂದು ಡಬ್ಬಿ, ತರಕಾರಿ ಒಂದು ಡಬ್ಬಿ ಎಂದು ಬೇರೆಬೇರೆಯಾಗಿ ಬೆಂದಾಗ, ಒಂದಕ್ಕೊಂದು ನೆಂಟಸ್ತನವಿದೆ ಎನ್ನುವುದೂ ಕಣ್ಣಿಗೆ ಕಾಣದಾಯಿತು.

ಇಷ್ಟು ಕೇಳಿದವರು ಮೊದಲು ಎತ್ತುವ ಆಕ್ಷೇಪ ನನಗೆ ಗೊತ್ತು: ಇದೆಲ್ಲ ಬಡತನ ಕಲಿಸಿದ ಪಾಠ, ಅದಕ್ಕೆ ಬುದ್ಧಿವಂತಿಕೆಯ ಜರಿ ಅಂಚು ಹಚ್ಚುವುದೇಕೆ? ಇದರಲ್ಲಿ ಅರ್ಧ ನಿಜ. ಸಿಪ್ಪೆಯ ಚಟ್ನಿ ಹುಟ್ಟಿದ್ದು ತರಕಾರಿ ಬುಟ್ಟಿ ತುಂಬಿ ತುಳುಕಿದ ದಿನ ಆಗಿರಲಾರದು. ಹಸಿದವರ ಹೊಟ್ಟೆಯನ್ನು ಯಾವ ಜಾಣ ಸರಪಳಿಯೂ ತುಂಬಿಸಲಿಲ್ಲ ಎನ್ನುವುದನ್ನೂ ಒಪ್ಪಬೇಕು. ಬಸಿಯಲು ಮಡಕೆಯಲ್ಲಿ ಮೊದಲು ಕಾಳು ಇರಬೇಕಲ್ಲ. ಆದರೆ ಬಡತನವೊಂದೇ ಕಾರಣವಾಗಿದ್ದರೆ ಕೈಯಲ್ಲಿ ಕಾಸು ಬಂದ ಮನೆಗಳಲ್ಲಿ ಹೋಳಿಗೆ ಸಾರು ನಿಂತುಹೋಗಬೇಕಿತ್ತು. ನಿಂತಿಲ್ಲ. ಮದುವೆಯ ಅಡುಗೆಯವರೂ ಹೋಳಿಗೆ ಮಾಡಿದ ದಿನ ಕಟ್ಟನ್ನು ಸಾರಿಗೆ ತಿರುಗಿಸುತ್ತಾರೆ. ದಾಳಿಂಬೆ ಕೊಳ್ಳಬಲ್ಲವರೇ ಅದರ ಸಿಪ್ಪೆಯ ತಂಬುಳಿ ಮಾಡುವವರು. ಕೊರತೆಯಿಂದ ಶುರುವಾದದ್ದು ರುಚಿಯಾಗಿ ನೆಲೆ ನಿಂತಿತು, ಆಮೇಲೆ ಅದಕ್ಕೆ ಕೊರತೆಯ ಹಂಗು ಉಳಿಯಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಮೊನಚು. ಈ ಲೆಕ್ಕವನ್ನೆಲ್ಲ ತಲೆಯಲ್ಲಿ ಹೊತ್ತವರು ಯಾರು? ಹೆಂಗಸರು. ಸರಪಳಿಯ ಕೊನೆಯ ಕೊಂಡಿ ಯಾರ ತಟ್ಟೆಗೆ ಬೀಳುತ್ತಿತ್ತು? ಎಲ್ಲರದೂ ಆದ ಮೇಲೆ ಉಣ್ಣಲು ಕೂತವರ ತಟ್ಟೆಗೆ. 'ಉಳಿದದ್ದು ಸಾಕು' ಎಂಬ ಮಾತನ್ನು ಗಂಡಸರ ಬಾಯಲ್ಲಿ ಕೇಳಿದವರು ಕಡಿಮೆ. ಹೊಗೆ ತುಂಬಿದ ಒಲೆ, ಒರಳಿನ ಮುಂದೆ ಕಳೆದ ಬೆಳಗು, ನೀರು ಹೊತ್ತ ಸೊಂಟ, ಇವನ್ನು ಬಿಟ್ಟು ಕೈರುಚಿಯನ್ನು ಮಾತ್ರ ನೆನೆಯುವುದು ಕೃತಘ್ನತೆಯೇ ಸರಿ. ಇದು ಹಳೆಯ ಕಥೆಯಷ್ಟೇ ಆಗಿ ಮುಗಿದೂ ಇಲ್ಲ. 2019ರಲ್ಲಿ ದೇಶಾದ್ಯಂತ ನಡೆದ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಎಂದು ಕಂಡುಬಂತು. ಅಂಥ ಕೆಲಸಕ್ಕೆ ಕೈಹಾಕುತ್ತಿದ್ದ ಗಂಡಸರೇ ಆಗ ನೂರಕ್ಕೆ 26ರಷ್ಟು. ಈ ಆಕ್ಷೇಪಕ್ಕೆ ನನ್ನಲ್ಲಿ ಮರುವಾದವಿಲ್ಲ, ಇದನ್ನು ನನ್ನ ವಾದದೊಳಗೇ ಸೇರಿಸಿಕೊಳ್ಳುತ್ತೇನೆ. ಮನೆಯ ಅಡುಗೆಯನ್ನು ಬರೀ ರುಚಿ ಎಂದು ನೆನೆದಾಗ ಮೊದಲು ಮಾಯವಾಗುವುದು ಬೇಯಿಸಿದವರ ತಲೆಗೆಲಸ. ಕೈರುಚಿ ಎಂಬ ಹೊಗಳಿಕೆಯಲ್ಲಿ ಕೈ ಇದೆ, ತಲೆ ಇಲ್ಲ. ಅಲ್ಲಿ ನಡೆದದ್ದು ಲೆಕ್ಕಾಚಾರ ಎಂದು ಒಪ್ಪಿಕೊಂಡರೆ, ಲೆಕ್ಕವನ್ನು ಯಾರು ಬೇಕಾದರೂ ಕಲಿಯಬಹುದು ಎಂಬುದನ್ನೂ ಒಪ್ಪಬೇಕಾಗುತ್ತದೆ. ಅದು ಹೆಣ್ಣಿನ ಕೈಗೆ ಹುಟ್ಟಿನಿಂದ ಬಂದ ವರ ಎಂದು ಹೇಳಿ ಗಂಡಸು ಪಡಸಾಲೆಯಲ್ಲಿ ಕೂರಲಾಗುವುದಿಲ್ಲ.

ಮೂರನೆಯದು ಆರೋಗ್ಯದ ಮಾತು. ಅದರಲ್ಲಿ ಹಳೆಯದರ ಪಕ್ಷ ವಹಿಸಿ ಗೆಲ್ಲುವ ಹಟ ನನಗಿಲ್ಲ. ಬೆಂದ ಅನ್ನವನ್ನು ಸೆಕೆಯಲ್ಲಿ ಹಾಗೇ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿ ಬೆಳೆಯಬಲ್ಲದು. ಅದರ ಬೀಜಾಣುಗಳು ಅಕ್ಕಿ ಕುದಿದರೂ ಸಾಯುವುದಿಲ್ಲ; ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದಿರಬಹುದು. ಆದ್ದರಿಂದ ಚಿತ್ರಾನ್ನಕ್ಕೆಂದು ಎತ್ತಿಡುವ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸುವುದೇ ಸರಿ. ರಾತ್ರಿಯ ಅನ್ನಕ್ಕೆ ನೀರು, ಮಜ್ಜಿಗೆ ಹಾಕಿ ಹುಳಿ ಬರಿಸುತ್ತಿದ್ದ ರೂಢಿಯಲ್ಲಿ ಒಂದು ವಿವೇಕವಿತ್ತು, ಹುಳಿಯಲ್ಲಿ ಅನೇಕ ಕ್ರಿಮಿಗಳು ಬೆಳೆಯಲಾರವು. ಆದರೆ ಅದನ್ನೇ ಭದ್ರತೆ ಎಂದು ನಂಬಿ ಕೂರುವುದು ಸಲ್ಲದು. ಇಷ್ಟಕ್ಕೂ ಜೋಡಿಸುವ ಅಡುಗೆ ಎಂದರೆ ತಂಗಳು ಎಂದರ್ಥವಲ್ಲ. ಬಸ್ಸಾರಿನ ಎರಡು ಕೊಂಡಿಗಳ ನಡುವಿನ ಅಂತರ ಅರ್ಧ ಗಂಟೆಯೂ ಇಲ್ಲ.

ಕೊನೆಯ ಆಕ್ಷೇಪ ಈ ಕಾಲದ್ದು. ಮನೆಯಲ್ಲಿರುವುದು ಇಬ್ಬರು ಮೂವರು, ಮಕ್ಕಳು ಎಲ್ಲೋ ದೂರದೂರಿನಲ್ಲಿ, ಅವರಿಗೆ ಬೇಕಾದ್ದು ಖಚಿತ ಅಳತೆಯ ಒಂದು ವಿಧಾನ. ಸರಪಳಿ ಕಟ್ಟಿಕೊಂಡು ಏನು ಮಾಡಬೇಕು? ನನಗೆ ಕಾಣುವ ಮಟ್ಟಿಗೆ ಊರು ದಾಟಿದಾಗ ಹೆಚ್ಚು ದೂರ ಬರುವುದು ಸರಪಳಿಯೇ. ಖಾದ್ಯ ಹಠಮಾರಿ, ಇಂಥದೇ ಸೊಪ್ಪು ಬೇಕು ಎನ್ನುತ್ತದೆ. ಲಂಡನ್ನಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡದ ಮನೆಗೆ ಕೀರೆ ಸೊಪ್ಪು ಸಿಗದೆ ಹೋದರೂ ಪಾಲಕ್ ಸಿಗುತ್ತದೆ, ಬಸಿಯುವ ಬುದ್ಧಿಯೊಂದಿದ್ದರೆ ಅದರಿಂದಲೂ ಬಸ್ಸಾರು ಆಗುತ್ತದೆ. ಒಬ್ಬರ ಮನೆಗೂ ಒಗ್ಗುವ ಕೊಂಡಿಗಳಿವೆ. ಒಂದು ಹಿಡಿ ಒಂದೆಲಗವನ್ನೋ ನಾಲ್ಕೈದು ದೊಡ್ಡಪತ್ರೆ ಎಲೆಯನ್ನೋ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಲು ಲೋಟ ಕಾಯಿತುರಿ ಸೇರಿಸಿ ರುಬ್ಬಿ, ಎರಡು ಲೋಟ ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ತಂಬುಳಿ. ಇದನ್ನು ಕುದಿಸುವ ಹಾಗಿಲ್ಲ, ಮಜ್ಜಿಗೆ ಒಡೆಯುತ್ತದೆ. ಹುಳಿಯಾಗುತ್ತಿದ್ದ ಮೊಸರಿಗೂ ಬಾಡುತ್ತಿದ್ದ ಎಲೆಗೂ ಒಂದು ಗತಿಯಾಯಿತು. ಅನಿರೀಕ್ಷಿತವಾಗಿ ಇಬ್ಬರು ಗೆಳೆಯರು ಊಟಕ್ಕೆ ಬಂದರೆ ಇನ್ನೊಂದು ಲೋಟ ಮಜ್ಜಿಗೆ, ಒಂದು ಚಿಟಿಕೆ ಉಪ್ಪು ಸಾಕು. ನೆಂಟರ ವಿಷಯದಲ್ಲಿ ಹಳೆಯ ಅಡುಗೆಮನೆಗೆ ಗೊತ್ತಿದ್ದ ದೊಡ್ಡ ಭೇದ ಇದೇ: ಹಿಗ್ಗುವ ಅಡುಗೆ ಯಾವುದು, ಎಣಿಸಿ ಬಡಿಸುವ ಅಡುಗೆ ಯಾವುದು. ಸಾರು, ತಂಬುಳಿ, ಒಗ್ಗರಣೆ ಅವಲಕ್ಕಿ, ಮಂಡಕ್ಕಿ ಹಿಗ್ಗುತ್ತವೆ; ಹೋಳಿಗೆ, ವಡೆ ಎಣಿಕೆಗೆ ಸಿಕ್ಕುತ್ತವೆ. ಬಂದವರಿಗೆ ಮುಜುಗರವಾಗದಂತೆ ಉಣಬಡಿಸುವ ಕಲೆಯಲ್ಲಿ ಅರ್ಧ ಈ ಭೇದ ತಿಳಿದಿರುವುದರಲ್ಲಿದೆ, ಇದನ್ನು ಯಾವ ಸಾಮಗ್ರಿ ಪಟ್ಟಿಯೂ ಹೇಳುವುದಿಲ್ಲ.

ಹಾಗಾದರೆ ಅಳತೆ ಬೇಡವೇ? ಬೇಕು. ಹೊಸದಾಗಿ ಒಲೆ ಹಚ್ಚುವವರಿಗೆ 'ಅಂದಾಜು ಹಾಕು' ಎಂದರೆ ಈಜು ಬಾರದವರನ್ನು ಬಾವಿಗೆ ತಳ್ಳಿದಂತೆ. ಲೋಟ, ಚಮಚ, ಗ್ರಾಂ ಎಲ್ಲವನ್ನೂ ಬರೆಯೋಣ. ಅದರ ಜೊತೆಗೆ ಪ್ರತಿ ಅಡುಗೆಗೂ ಮೇಲೊಂದು ಸಾಲು, ಕೆಳಗೊಂದು ಸಾಲು ಹೆಚ್ಚು ಬರೆಯೋಣ. ಮೇಲಿನ ಸಾಲು: ಇದು ಯಾವುದರ ಬೆನ್ನಿಗೆ ಬರುತ್ತದೆ. ಕೆಳಗಿನ ಸಾಲು: ಇದಾದ ಮೇಲೆ ಏನು ಉಳಿಯುತ್ತದೆ, ಅದು ಎಲ್ಲಿಗೆ ಹೋಗುತ್ತದೆ. ಮಗಳಿಗೆ, ಮಗನಿಗೆ, ಸ್ನೇಹಿತರಿಗೆ ಅಡುಗೆ ಬರೆದುಕೊಡುವವರು ಇಷ್ಟು ಮಾಡಿದರೆ ರುಚಿಯ ಜೊತೆ ಅದನ್ನು ತಂದ ಯೋಚನೆಯೂ ಕೈ ದಾಟುತ್ತದೆ. ಬಸಿದ ನೀರನ್ನು ಎಲ್ಲಿ ಎತ್ತಿಡಬೇಕೆಂದು ಹೇಳದ ಬಸ್ಸಾರಿನ ವಿಧಾನ, ಎಷ್ಟೇ ಅಚ್ಚುಕಟ್ಟಾಗಿದ್ದರೂ, ಬರೀ ಪಲ್ಯದ ವಿಧಾನ.